ಬಾಡಿ ಅಣ್ಣನದು, ಚಾಸಿ ತಮ್ಮನದು

ಆ ಮನೆಯಲ್ಲಿ ಊಟದ ಮೇಜು ಅಂತ ಒಂದಿತ್ತು. ಅದರ ಮುಂದೆ ಕೂತು ಊಟ ಮಾಡಿದ ನೆನಪು ಮಾತ್ರ ಯಾರಿಗೂ ಇರಲಿಲ್ಲ. ಮನೆಮಂದಿ ತಟ್ಟೆ ಹಿಡಿದು ಮಂಚದ ತುದಿಯಲ್ಲೋ ಅಡುಗೆಮನೆಯ ಹೊಸ್ತಿಲಲ್ಲೋ ಕೂತು ಉಣ್ಣುತ್ತಿದ್ದರು. ಮೇಜಿನ ತುಂಬ ಕಾರುಗಳು. ಬೀದಿಯಲ್ಲಿ ಓಡುವಂಥವಲ್ಲ, ಗೇಣುದ್ದದವು. ನಿಜವಾದ ಕಾರಿನ ಉದ್ದವನ್ನು ಇಪ್ಪತ್ನಾಲ್ಕು ಪಾಲು ಮಾಡಿದರೆ ಒಂದು ಪಾಲು ಎಷ್ಟಾಗುತ್ತದೋ ಅಷ್ಟುದ್ದ. ಬಾಗಿಲು, ಚಕ್ರ, ಕನ್ನಡಿ, ಎಲ್ಲವೂ ಅದೇ ಲೆಕ್ಕದಲ್ಲಿ ಪುಟ್ಟವು. ಅದಕ್ಕೆ ಆ ಮನೆಯಲ್ಲಿ ‘ಇಪ್ಪತ್ನಾಲ್ಕರ ಅಳತೆ’ ಎಂದು ಹೆಸರು. ಯಾರಾದರೂ ಆಟದ ಸಾಮಾನು ಎಂದುಬಿಟ್ಟರೆ ಅಣ್ಣತಮ್ಮಂದಿರಿಬ್ಬರಿಗೂ ಕೋಪ ಮೂಗಿನ ತುದಿಗೆ ಬರುತ್ತಿತ್ತು.

ಅಣ್ಣ ಗ್ಯಾರೇಜಿನಲ್ಲಿ ಬಣ್ಣದ ಕೆಲಸದವನು. ಗುದ್ದಿಸಿಕೊಂಡು ಬಂದ ವಾಹನಗಳ ಗಾಯ ಮುಚ್ಚಿ, ಗುದ್ದೇ ಇರಲಿಲ್ಲ ಎನ್ನುವ ಹಾಗೆ ಮಾಡಿ ಕಳಿಸುವುದು ಅವನ ಕಸುಬು. ತಮ್ಮನದು ಮಾರುಕಟ್ಟೆ ಮೂಲೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಸಂಜೆ ಕೈಕಾಲು ತೊಳೆದು ಮೇಜಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಕಾರಿನ ಮೇಲಿನ ಚಿಪ್ಪು, ಅಂದರೆ ಬಾಡಿ, ಅಣ್ಣನದು. ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹೊಡೆದು, ಒಣಗಿಸಿ, ಮತ್ತೆ ಉಜ್ಜಿ, ಮುಖ ಕಾಣುವವರೆಗೆ ಹೊಳಪು ಕೊಡುವವನು ಅವನು. ಚಕ್ರಗಳನ್ನು ಹೊತ್ತ ಕೆಳಗಿನ ಚಾಸಿ, ಅದರ ಮೇಲಿನ ಎಂಜಿನ್ನು, ಸೀಟು, ಸ್ಟೇರಿಂಗು, ಕೂದಲಿನಷ್ಟು ಸಣ್ಣ ವೈರು ತಮ್ಮನವು. ಕೂತು ಮಾತಾಡಿ ಹಂಚಿಕೊಂಡದ್ದಲ್ಲ. ನೀರು ತಗ್ಗಿಗೆ ಹರಿದ ಹಾಗೆ ತಾನಾಗಿ ಹಂಚಿಹೋಗಿತ್ತು.

"ಇವರಿಬ್ಬರಿಗೆ ನಮ್ಮನ್ನ ತಂದು ಕಟ್ಟೋ ಬದಲು ಒಂದೊಂದು ಸ್ಕ್ರೂಡ್ರೈವರ್ ಕಟ್ಟಿದ್ರೆ ಸಾಕಾಗಿತ್ತು ಅಕ್ಕ" ಎಂದು ಕಿರಿಸೊಸೆ ನಗುತ್ತಿದ್ದಳು.

"ಸ್ಕ್ರೂಡ್ರೈವರ್ ಅನ್ನ ಮಾಡ್ತದಾ?" ಎಂದು ಹಿರಿಸೊಸೆ ಕೇಳುತ್ತಿದ್ದಳು.

ಹಾಗೆ ನಗುತ್ತಿದ್ದ ಕಾಲವೂ ಒಂದಿತ್ತು. ಆಮೇಲೆ ಕಿರಿಸೊಸೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಬಿತ್ತು. ಅವಳು ನರ್ಸು. ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಬಂದು ಮಲಗಬೇಕು. ಹಿರಿಸೊಸೆ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು; ಊರೆಲ್ಲ ಎದ್ದ ಮೇಲೆಯೇ ಅವಳ ಯಂತ್ರ ಶುರು. ನಡುವೆ ಇದ್ದದ್ದು ಒಂದು ತೆಳುವಾದ ಗೋಡೆ.

"ಅಕ್ಕ, ಸ್ವಲ್ಪ ಹೊತ್ತು ನಿಲ್ಲಿಸ್ತೀರಾ? ತಲೆ ಒಳಗೇ ಹೊಲಿಗೆ ಹಾಕ್ದಂಗಾಗ್ತಿದೆ."

"ನಿಲ್ಲಿಸ್ತೀನಮ್ಮ. ಶಾಲೆ ಶುರುವಾದಾಗ ಆ ಮಕ್ಕಳಿಗೆ ನೀನೇ ಹೋಗಿ ಹೇಳು, ನಾನು ಮಲಗಿದ್ದೆ, ಅದಕ್ಕೇ ನಿಮ್ಮ ಚಡ್ಡಿ ಆಗಿಲ್ಲ ಅಂತ."

"ನಾನೇನು ಹಾಸಿಗೆ ಸುಖಕ್ಕೆ ಮಲಗ್ತೀನಾ? ರಾತ್ರಿಯೆಲ್ಲ ನಿಂತ ಕಾಲು ಅಕ್ಕ ಇದು."

"ನಂದು ಹಗಲೆಲ್ಲ ತುಳಿದ ಕಾಲು."

ಯಾರ ಮಾತೂ ಸುಳ್ಳಲ್ಲ. ಸುಳ್ಳಾಗಿದ್ದರೆ ಜಗಳ ಬೇಗ ಮುಗಿಯುತ್ತಿತ್ತು. ಇಬ್ಬರದೂ ನಿಜವಾದಾಗಲೇ ಅದು ಬೇರು ಬಿಡುವುದು. ಒಂದು ಬೆಳಿಗ್ಗೆ ಕಿರಿಸೊಸೆ ಬಂದು ನೋಡಿದರೆ ಪಾತ್ರೆಯಲ್ಲಿ ಅವಳ ಪಾಲಿನ ಗಂಜಿ ಇಲ್ಲ, ಚಹಾಕ್ಕೆ ಹಾಲಿಲ್ಲ. ಯಾರೋ ಮರೆತು ಕುಡಿದುಬಿಟ್ಟಿದ್ದರು. ಅವಳು ಏನೂ ಅನ್ನದೆ ಒಣ ಬ್ರೆಡ್ಡು ತಿಂದು ಮಲಗಿದಳು. ಅವಳು ಏನೂ ಅನ್ನದ್ದೇ ಹಿರಿಸೊಸೆಗೆ ಬೈದಂತಾಯಿತು. ಅವತ್ತೇ ಸಂಜೆ ಅತ್ತೆಯ ಮುಂದೆ ಬಾಯಿಬಿಟ್ಟವಳು ಹಿರಿಸೊಸೆಯೇ.

"ಅತ್ತೆ, ಮಹಡಿ ಮೇಲಿನ ರೂಮು ಸುಮ್ಮನೆ ಬಿದ್ದಿದೆ. ಅಲ್ಲೊಂದು ಒಲೆ ಇಟ್ರೆ ಅವಳಿಗೂ ನಿದ್ದೆ, ನನಗೂ ನೆಮ್ಮದಿ."

ಅತ್ತೆ ಕಿಟಕಿಯ ಪಕ್ಕ ಕೂತು ಸಂಜೆಯ ಪ್ರಾರ್ಥನೆ ಮುಗಿಸಿದ್ದರು. ಅವರ ಪ್ರಾರ್ಥನೆ ಬಹಳ ಸಣ್ಣದು: ‘ಇವತ್ತಿನದು ಮುಗೀತು, ನಾಳೆಯದು ನಿನ್ನದು’ ಎನ್ನುವಷ್ಟೇ. ಮುಗಿದ ಕೈ ಹಾಗೇ ಇಟ್ಟುಕೊಂಡು ಅಂದರು: "ಒಲೆ ಎರಡಾದ್ರೆ ತಪ್ಪೇನಿಲ್ಲ ಮಗಳೇ. ಹೊಗೆ ಎರಡು ಕಡೆ ಹೋದ್ರೆ ಕಣ್ಣು ಉರಿಯೋದಾದ್ರೂ ಕಡಿಮೆ ಆಗ್ತದೆ."

ಪಾತ್ರೆ ಹಂಚಿಕೊಳ್ಳುವ ದಿನ ಹೆಂಗಸರಿಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತರು. ಹಿರಿಸೊಸೆ ಎದೆ ಗಟ್ಟಿ ಮಾಡಿಕೊಂಡೇ ಕೂತದ್ದು. ಏನೂ ಆಗಲಿಲ್ಲ.

"ಆ ದೊಡ್ಡ ಪಾತ್ರೆ ನೀವೇ ಇಟ್ಕೊಳ್ಳಿ ಅಕ್ಕ. ಅದರಲ್ಲಿ ಬೇಯಿಸಿದ್ರೆ ನಾವಿಬ್ಬರು ವಾರ ತಿನ್ಬೇಕು."

"ಈ ಚಾಕು ತಗೊಂಡು ಹೋಗು. ನಂಗೆ ಇದು ಕೈಗೆ ಒಗ್ಗೋದೇ ಇಲ್ಲ."

"ಸುಳ್ಳು. ನಿಮಗೆ ಅದೇ ಇಷ್ಟ."

"ಇಷ್ಟ ಅಂತ್ಲೇ ಕೊಡ್ತಿರೋದು, ತಗೋ."

ಅರ್ಧ ಹೊತ್ತಿಗೆ ಇಬ್ಬರೂ ಚಹಾ ಕಾಸಿಕೊಂಡು ಕುಡಿದರು. ಗೋಡೆ ಎದ್ದ ದಿನವೇ ಗೋಡೆ ಬಿದ್ದ ಹಾಗಾಯಿತಲ್ಲ ಎಂದು ಹಿರಿಸೊಸೆಗೆ ಒಳಗೊಳಗೇ ನಗು. ಆ ನಗು ಮುಗಿಯುವ ಮೊದಲೇ ಹೊರಗಿನ ಕೋಣೆಯಿಂದ ಗಂಡಸರ ದನಿ ಕೇಳಿಸಿತು.

ಅಲ್ಲಿ ಅವಳ ಮೈದುನ ಖಾಲಿ ರಟ್ಟಿನ ಡಬ್ಬ ಹಿಡಿದು, ಮಾಡಿ ಮುಗಿಸಿದ ಕಾರುಗಳನ್ನಿಟ್ಟ ಕಪಾಟಿನ ಮುಂದೆ ನಿಂತಿದ್ದ.

"ಯಾವ್ಯಾವುದು ತಗೊಂಡು ಹೋಗ್ಲಿ ಅಣ್ಣ?"

"ಎಲ್ಲಿಗೆ?"

"ಮೇಲಕ್ಕೆ."

"ಇಲ್ಲೇ ಇರ್ಲಿ ಬಿಡೋ. ಮೇಲೆ ಬರೀ ಧೂಳು. ನೋಡ್ಬೇಕು ಅನಿಸ್ದಾಗ ಇಳಿದು ಬಾ."

"ನಾನು ಮಾಡಿದ್ದನ್ನ ನೋಡೋಕೆ ನಾನು ಇಳಿದು ಬರ್ಬೇಕಾ?"

"ನೀನು ಮಾಡಿದ್ದು ಅಂದ್ರೆ?"

"ಒಳಗಡೆದೆಲ್ಲ ಯಾರು ಮಾಡಿದ್ದು ಹಾಗಾದ್ರೆ?"

ಅಣ್ಣನಿಗೆ ಅವತ್ತು ಗ್ಯಾರೇಜಿನಲ್ಲಿ ಏನಾಗಿತ್ತೋ, ಮನೆ ಎರಡಾಗುವ ಸಂಕಟವೇ ಹಾಗೆ ಆಡಿಸಿತೋ, ಆಡಬಾರದ ಮಾತು ಆಡಿಬಿಟ್ಟ. "ಒಳಗಡೆದು! ನಾನು ಬಣ್ಣ ಹಾಕ್ದೇ ಇದ್ರೆ ಅದು ಬರೀ ಪ್ಲಾಸ್ಟಿಕ್ ತುಂಡು ಕಣೋ. ಬಂದೋರು ನಿಂತು ನೋಡೋದು ಹೊಳಪನ್ನ. ಒಳಗೆ ಯಾರು ನೋಡ್ತಾರೆ?"

ಮೈದುನ ಡಬ್ಬ ಕೆಳಗಿಟ್ಟ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಕಪಾಟಿನ ಮೊದಲ ಕಾರನ್ನು ಮಗುಚಿ ಹಾಕಿ ಸ್ಕ್ರೂ ಬಿಚ್ಚಿ, ಬಾಡಿಯನ್ನು ಮೆಲ್ಲಗೆ ಎತ್ತಿ ಕಪಾಟಿನಲ್ಲಿ ಇಟ್ಟ. ಚಾಸಿಯನ್ನು ಡಬ್ಬದಲ್ಲಿ ಇಟ್ಟ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

"ಏನೋ ಮಾಡ್ತಿದ್ದೀಯ?"

"ಯಾರೂ ನೋಡ್ದೇ ಇರೋದನ್ನ ನಾನು ತಗೊಂಡು ಹೋಗ್ತೀನಿ. ನೋಡೋದನ್ನ ನೀನು ಇಟ್ಕೋ."

ಹಿರಿಸೊಸೆ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ‘ಬೇಡ ಕಣೋ’ ಎಂಬ ಎರಡು ಮಾತು ಅವನ ಗಂಟಲಲ್ಲಿ ನಿಂತಿರುವುದು ಅವಳಿಗೆ ಕಾಣುತ್ತಿತ್ತು. ಅದು ಆಚೆ ಬರಲಿಲ್ಲ. ಬಂದದ್ದು ಬೇರೆ: "ತಗೊಂಡು ಹೋಗು. ಸ್ಕ್ರೂನೂ ಎಣಿಸ್ಕೊಂಡು ತಗೊಂಡು ಹೋಗು."

ಅತ್ತೆ ಕೂತಲ್ಲಿಂದಲೇ ಅಂದರು: "ಹಾಗಾದ್ರೆ ನನ್ನನ್ನೂ ಬಿಚ್ಕೊಂಡುಬಿಡಿ. ಸೊಂಟದಿಂದ ಮೇಲೆ ದೊಡ್ಡೋನಿಗೆ, ಕೆಳಗೆ ಚಿಕ್ಕೋನಿಗೆ. ಬಾಯಿ ಕೆಳಗಡೆ ಮನೇಲಿ ಉಣ್ಲಿ, ಕಾಲು ಮೇಲ್ಗಡೆ ಮನೇಲಿ ಓಡಾಡ್ಲಿ."

ಆ ಸಂಜೆಗೆ ಕಪಾಟಿನಲ್ಲಿ ಚಕ್ರವಿಲ್ಲದ ಚಿಪ್ಪುಗಳು ಸಾಲಾಗಿ ಹೊಟ್ಟೆಯ ಮೇಲೆ ಮಲಗಿದ್ದವು.

ಮುಂದಿನ ವಾರಗಳಲ್ಲಿ ಆ ಮನೆಯ ರೀತಿಯೇ ತಿರುಗುಮುರುಗಾಯಿತು. ಜಗಳವಾಡಿ ಬೇರೆಯಾದ ಓರಗಿತ್ತಿಯರು ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಒಬ್ಬರ ತಟ್ಟೆಯಿಂದ ಒಬ್ಬರು ತಿನ್ನುತ್ತಿದ್ದರು. ಜಗಳವೇ ಗೊತ್ತಿಲ್ಲದ ಅಣ್ಣತಮ್ಮಂದಿರು ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು.

"ನಿಮ್ಮೋರು ಏನು ಮಾಡ್ತಾರೆ ಸಂಜೆ ಹೊತ್ತು?" ಹಿರಿಸೊಸೆ ಕೇಳಿದಳು.

"ಆ ಚಾಸಿಗಳನ್ನೆಲ್ಲ ಸಾಲಾಗಿ ಇಟ್ಟು ಮೇಲೆ ಬಟ್ಟೆ ಹೊದಿಸಿದ್ದಾರೆ ಅಕ್ಕ. ಸ್ನಾನ ಮಾಡಿಸಿ ಟವೆಲ್ ಸುತ್ತಿ ಬಟ್ಟೆ ಹಾಕೋಕೆ ಮರೆತ ಮಕ್ಕಳ ಹಾಗೆ ಕಾಣ್ತವೆ. ನಿಮ್ಮೋರು?"

"ಕಾರಿನ ಕಿಟಕಿಗಳಿಗೆ ಒಳಗಿಂದ ಕಪ್ಪು ಕಾಗದ ಅಂಟಿಸ್ತಿದ್ದಾರೆ. ಖಾಲಿ ಅಂತ ಗೊತ್ತಾಗಬಾರದಲ್ಲ."

"ಮಾತಾಡಿಸಿ ನೋಡೋಣ್ವಾ?"

"ನೋಡಿದೆ. ‘ಉಪ್ಪು ಜಾಸ್ತಿ’ ಅಂದ್ರು. ಉಪ್ಪೇ ಹಾಕಿರ್ಲಿಲ್ಲ ನಾನು."

ಇದೆಲ್ಲದರ ನಡುವೆ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ತೀರಿಕೊಂಡ ಮಾವ ಬದುಕಿಡೀ ಆಸ್ಪತ್ರೆಯ ವ್ಯಾನು ಓಡಿಸಿದವರು. ಆ ವ್ಯಾನು ಯಾವತ್ತೋ ಗುಜರಿಗೆ ಹೋಗಿತ್ತು. ‘ನಿಮ್ಮಪ್ಪನ ವ್ಯಾನೊಂದು ಮಾಡಿಕೊಡ್ರೋ, ಒಂದ್ಸಲ ಕಣ್ಣಾರೆ ನೋಡ್ತೀನಿ’ ಎಂದು ಅತ್ತೆ ಮಕ್ಕಳಿಗೆ ಹೇಳಿದ್ದರು. ಅಂಥ ವ್ಯಾನಿನ ಕಿಟ್ಟು, ಅಂದರೆ ಜೋಡಿಸಲು ಸಿದ್ಧವಾದ ಬಿಡಿಭಾಗಗಳ ಡಬ್ಬ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ ಕೈಯಲ್ಲೇ ಕಟ್ಟಬೇಕು. ಇದ್ದ ಒಂದೇ ಫೋಟೋದಲ್ಲಿ ಮಾವ ಮುಂದೆ ನಿಂತು ವ್ಯಾನಿನ ಮುಕ್ಕಾಲು ಭಾಗ ಮುಚ್ಚಿದ್ದರು. ಉಳಿದದ್ದೆಲ್ಲ ಅತ್ತೆಯ ನೆನಪಿನಲ್ಲಿತ್ತು. ಬಾಡಿ, ಚಾಸಿ ಬೇರೆಯಾದ ಮೇಲೆ ಆ ಮಾತನ್ನೇ ಯಾರೂ ಎತ್ತಲಿಲ್ಲ.

ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ನೀರಿನ ಲೋಟ ಪಕ್ಕದಲ್ಲೇ ಇದ್ದರೂ ಕಾಣದೆ ಹುಡುಕಿದರು. ಹಿರಿಸೊಸೆ ಒಂದು ದಿನ ಹೊಲಿಗೆ ಬದಿಗಿಟ್ಟು ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣೊಳಗೆ ಒತ್ತಡ ಏರಿ ನರ ಸಾಯುತ್ತಿದೆ ಎಂದರು ಡಾಕ್ಟರು. ಅಂಚಿನಿಂದ ಶುರುವಾಗಿ ನೋಟ ಒಳಗೊಳಗೆ ಕುಗ್ಗುತ್ತ ಬರುತ್ತದೆ, ಹೋದದ್ದು ಬರುವುದಿಲ್ಲ.

"ಉಳಿದಿರೋದು?" ಹಿರಿಸೊಸೆ ಕೇಳಿದಳು.

"ಹನಿ ಹಾಕಿ. ತಡೆಯೋಕೆ ನೋಡೋಣ. ತಡವಾಗಿ ಬಂದಿದ್ದೀರಿ. ನೋಡ್ಬೇಕಾದ್ದನ್ನ ಮುಂದಕ್ಕೆ ಹಾಕ್ಬೇಡಿ ಅಂತ ಹೇಳಿ ಅವರಿಗೆ."

ಬಸ್ಸಿನಲ್ಲಿ ಅತ್ತೆ ಸೊಸೆಯ ಕೈ ಹಿಡಿದು ಕೂತಿದ್ದರು. "ಈಗ ಕೊಳವೆ ಒಳಗಿಂದ ನೋಡಿದ ಹಾಗಿದೆ. ಒಂದೊಂದೇ ಕಾಣ್ತದೆ, ಆದ್ರೆ ಚೆನ್ನಾಗಿ ಕಾಣ್ತದೆ. ಹುಡುಗರಿಗೆ ಹೇಳ್ಬೇಡ."

"ಯಾಕತ್ತೆ?"

"ಆ ವ್ಯಾನ್ ಮಾಡೋಕೆ ಕೂತ್ಕೋತಾರೆ. ಅಯ್ಯೋ ಪಾಪ ಅಂತ ಮಾಡಿದ ಕೆಲಸ ನಂಗೆ ಬೇಡ. ಅವರಾಗೇ ಕೂತ್ರೆ ಕೂರ್ಲಿ. ಇಲ್ದಿದ್ರೆ ಮೇಲೆ ದೇವರ ಹತ್ರ ಹೋಗಿ ನಿಮ್ಮ ಮಾವನನ್ನೇ ನೋಡ್ತೀನಿ, ವ್ಯಾನೂ ಅಲ್ಲೇ ಇರಬಹುದು."

ಹಿರಿಸೊಸೆ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊಲಿದಳು, ಬೇಯಿಸಿದಳು, ಅತ್ತೆಯ ಕಣ್ಣಿಗೆ ಹನಿ ಹಾಕಿದಳು. ಕೇಳಿದರೆ ‘ಕಣ್ಣು ಉರಿಗೆ’ ಎಂದಳು. ಒಂದು ದಿನ ಊಟದ ಹೊತ್ತಿನಲ್ಲಿ, ಗಂಡನ ತಟ್ಟೆಗೆ ಮೊಟ್ಟೆ ಹಾಕುತ್ತ, ಸುಮ್ಮನೆ ಎಂಬಂತೆ ಕೇಳಿದಳು:

"ರೀ, ಅತ್ತೆ ಕೇಳಿದ ವ್ಯಾನ್ ವಿಷಯ ಏನಾಯ್ತು?"

"ಅವನಿಲ್ದೇ ಹೇಗೆ ಮಾಡ್ಲಿ? ಬಿಡು, ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ನೋಡೋದು ಯಾರು?"

ಮಾತು ಬಾಯಿಂದ ಜಾರಿಹೋಗಿತ್ತು. ಗಂಡ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಜಾರಿದ ಮೇಲೆ ಹಿಡಿದಿಟ್ಟು ಏನು ಪ್ರಯೋಜನ? ಎಲ್ಲ ಹೇಳಿದಳು. ಹೇಳಿ, ಸೆರಗಿಗೆ ಕೈ ಒರೆಸಿಕೊಂಡು ಮಹಡಿ ಹತ್ತಿ ಮೈದುನನಿಗೂ ಅಷ್ಟೇ ಮಾತು ಹೇಳಿ ಇಳಿದಳು. ಅವನು ಚಹಾದ ಲೋಟ ಕೈಯಲ್ಲಿ ಹಿಡಿದೇ ಕೇಳಿದ: "ಅಣ್ಣಂಗೆ ಗೊತ್ತಾ ಅತ್ತಿಗೆ?"

"ಗೊತ್ತು. ಇಳಿದು ಬಂದು ಮಾತಾಡು."

"ಅವನು ಕರೀಲಿ."

ಕೆಳಗೆ ಗಂಡ ಅಂದ: "ಅವನು ಬರ್ಲಿ."

"ಎತ್ತು ಏರಿಗೆ, ಕೋಣ ನೀರಿಗೆ" ಎಂದು ಹಿರಿಸೊಸೆ ತಟ್ಟೆಗಳನ್ನು ಸದ್ದು ಮಾಡಿಯೇ ತೊಳೆದಳು.

ಆದರೆ ಮರುದಿನದಿಂದ ಕೆಲಸ ಶುರುವಾಯಿತು. ಕೆಳಗೆ ಗಂಡ ಹಾಳೆ ಕತ್ತರಿಸತೊಡಗಿದ. ಮೇಲೆ ಮೈದುನ ಸಣ್ಣ ಗರಗಸದ ಸದ್ದು ಮಾಡತೊಡಗಿದ. ಬಾಡಿ ಅಣ್ಣನದು, ಚಾಸಿ ತಮ್ಮನದು. ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೇಳಿಕೊಳ್ಳಬೇಕಾಗಿದ್ದ ಬೇರೆ ಮಾತುಗಳನ್ನೂ ಅವರು ಹೇಳಿಕೊಳ್ಳಲಿಲ್ಲ. ಕೇಳಬೇಕಾದ್ದನ್ನೆಲ್ಲ ಇಬ್ಬರೂ ಅಮ್ಮನನ್ನೇ ಕೇಳಿದರು.

"ಅಮ್ಮ, ಮೇಲಿನ ದೀಪ ಗುಂಡಗಿತ್ತಾ, ಉದ್ದಕ್ಕಿತ್ತಾ?"

"ಗುಂಡಗೆ. ಒಂದು ಕಡೆ ಒಡೆದಿತ್ತು. ನಿಮ್ಮಪ್ಪ ಕೆಂಪು ಕಾಗದ ಅಂಟಿಸಿದ್ರು."

"ಕೆಂಪು ಪಟ್ಟಿ ಬಾಗಿಲ ಹಿಡಿ ಮೇಲಿತ್ತಾ, ಕೆಳಗಿತ್ತಾ?"

"ಕೆಳಗೆ. ಅಲ್ಲಪ್ಪಾ, ಅಷ್ಟು ದೊಡ್ಡ ಪಟ್ಟಿ ನಿಂಗೂ ಕಂಡಿರಬೇಕಲ್ಲ, ಹುಡುಗನಾಗಿದ್ದಾಗ ದಿನಾ ಆ ವ್ಯಾನಿಗೆ ಕಲ್ಲು ಹೊಡೀತಿದ್ದೋನು ನೀನೇ!"

ಮಹಡಿಯಲ್ಲಿ ಇನ್ನೊಬ್ಬನದು ಬೇರೆ ಪ್ರಶ್ನೆ. ಸ್ಟ್ರೆಚರು ಎಡಕ್ಕಿತ್ತಾ, ಬಲಕ್ಕಿತ್ತಾ? ಗೇರಿನ ಹಿಡಿ ಕಪ್ಪಾ, ಬಿಳಿಯಾ? ಅತ್ತೆ ಗೋಡೆ ಹಿಡಿದು ಮೆಟ್ಟಿಲು ಹತ್ತಿಳಿದು ಸಾಕಾಗಿ ಒಂದು ದಿನ ಗದರಿದರು: "ನಾನೇನು ಟಪಾಲು ಡಬ್ಬಿನಾ? ಉದ್ದ ಎಷ್ಟು ಅಂತ ಅಣ್ಣನ್ನ ಕೇಳೋ!"

"ಅವನು ಬೇಕಾದ್ರೆ ಕೇಳ್ತಾನೆ ಬಿಡಮ್ಮ."

ಹಿರಿಸೊಸೆಗೆ ತಾನು ಮಾತು ತಪ್ಪಿದ ಅಳುಕು ಇದ್ದೇ ಇತ್ತು. ಹನಿ ಹಾಕುವಾಗ ಅತ್ತೆ ಮುಖ ಮೇಲೆತ್ತಿಕೊಂಡೇ ಕೇಳಿದರು: "ಹೇಳ್ಬಿಟ್ಯಾ?"

"ಹೇಳ್ಬಿಟ್ಟೆ ಅತ್ತೆ."

"ಹೋಗ್ಲಿ ಬಿಡು. ಹೊಟ್ಟೇಲಿ ಕಲ್ಲು ಕಟ್ಕೊಂಡು ಹೊಲಿದ್ರೆ ಮಕ್ಕಳ ಬಟ್ಟೆಯೆಲ್ಲ ಓರೆಯಾಗ್ತಿತ್ತು."

ಗಂಡನ ಬಾಡಿ ದಿನದಿಂದ ದಿನಕ್ಕೆ ವ್ಯಾನಾಗುತ್ತ ಬಂತು. ಹಾಳೆಯ ಪೆಟ್ಟಿಗೆಗೆ ಮೂಲೆಗಳು ದುಂಡಗಾದವು. ಬಣ್ಣಕ್ಕೆ ಮೊದಲಿನ ಬೂದು ಲೇಪ, ಪ್ರೈಮರ್, ಬಿತ್ತು. ಬೆಳಕಿಗೆ ಹಿಡಿದು ನೋಡಿ ಎಲ್ಲೋ ಒಂದು ಗೀರು ಕಂಡು ಮತ್ತೆ ಉಜ್ಜಿದ. ಬಿಳಿ ಬಿತ್ತು. ಮತ್ತೆ ಉಜ್ಜಿದ. ಅತ್ತೆ ಹೇಳಿದ ಕಡೆ ಕೆಂಪು ಪಟ್ಟಿ ಎಳೆದ. ಕೊನೆಯ ಹೊಳಪು ಕೊಟ್ಟ ದಿನ ಹೆಂಡತಿಯನ್ನು ಕರೆದು ತೋರಿಸಿದ. ಅದರ ಮಗ್ಗುಲಲ್ಲಿ ಅವಳ ಮೂಗುಬೊಟ್ಟು ಕಾಣಿಸಿತು. ತನ್ನ ಗಂಡ ಇಂಥದ್ದನ್ನು ಹಿಂದೆ ಮಾಡಿರಲಿಲ್ಲ, ಮುಂದೆ ಮಾಡುವುದೂ ಅನುಮಾನ ಎಂದು ಅವಳಿಗೆ ಅನ್ನಿಸಿತು.

"ಮೇಲಿಂದೂ ಮುಗೀತಂತೆ" ಎಂದಳು.

"ಯಾರು ಹೇಳಿದ್ದು?"

"ಮೆಟ್ಟಿಲು ಹೇಳ್ತು. ನಾಳೆ ಅವಳಿಗೂ ರಜೆ. ಮಧ್ಯಾಹ್ನ ಬೆಳಕು ಚೆನ್ನಾಗಿರ್ತದೆ. ಎಲ್ಲರಿಗೂ ಇಲ್ಲೇ ಅಡುಗೆ ಮಾಡ್ತೀನಿ."

ಮರುದಿನ ಊಟವಾಯಿತು. ಆಲೂಗಡ್ಡೆ, ಬೇಳೆ, ಮೊಟ್ಟೆ. ಓರಗಿತ್ತಿಯರು ಇಬ್ಬರೇ ಮಾತಾಡಿದರು; ಗಂಡಸರು ಬೇಳೆಯನ್ನು ಬಹಳ ಗಮನವಿಟ್ಟು ನೋಡಿದರು. ತಟ್ಟೆ ತೆಗೆದ ಮೇಲೆ ಮೈದುನ ಮೇಲೆ ಹೋಗಿ, ಬಟ್ಟೆ ಮುಚ್ಚಿದ ಹಲಗೆಯೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಅಣ್ಣ ಬಾಡಿಯನ್ನು ತಂದ. ಅತ್ತೆಯನ್ನು ಕಿಟಕಿಯ ಪಕ್ಕ, ಬೆಳಕು ಬೆನ್ನಿಗೆ ಬರುವಂತೆ ಕೂರಿಸಿದರು. ಮೈದುನ ಬಟ್ಟೆ ತೆಗೆದ. ಅಣ್ಣ ಒಳಗೆ ನೋಡದೆ, ಅಂಚಿನ ಮೇಲಷ್ಟೇ ಕಣ್ಣಿಟ್ಟು, ಬಾಡಿಯನ್ನು ಮೆಲ್ಲಗೆ ಇಳಿಸಿದ.

ಅದು ಕೂರಲಿಲ್ಲ.

ಮುಂದಿನ ಚಕ್ರ ಅದರ ಕಮಾನಿನ ನಡುವೆ ಸರಿಯಾಗಿ ನಿಂತಿತು. ಹಿಂದಿನ ಚಕ್ರ ಕಮಾನಿನ ಅಂಚಿಗೆ ಒತ್ತಿಕೊಂಡು ನಿಂತಿತು. ಹಿಂದಿನದನ್ನು ಸರಿ ಮಾಡಿದರೆ ಮುಂದಿನದು ಒತ್ತಿತು. ಬಾಡಿ ಕಿರುಬೆರಳಿನ ಉಗುರಿನಷ್ಟು ಉದ್ದವಾಗಿತ್ತು. ಅಣ್ಣನ ಅಂಗಿ ತಮ್ಮ ತೊಟ್ಟುಕೊಂಡ ಹಾಗಿತ್ತು.

"ಇದೇನೋ ಇದು?" ಎಂದ ಅಣ್ಣ. ವಾರಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು.

ಮೈದುನ ಬಗ್ಗಿ ನೋಡಿದ. "ನಿಂದು ಇಪ್ಪತ್ನಾಲ್ಕಾ?"

"ಇನ್ನೇನು? ಈ ಮನೇಲಿ ಯಾವತ್ತಾದ್ರೂ ಬೇರೆ ಅಳತೆ ಇತ್ತಾ?"

"ಚಾಸಿಗೆ ಅಂತ ಬೇರೆ ಯಾವುದೋ ಹಳೇ ವ್ಯಾನಿನ ಕಿಟ್ಟೊಂದು ಸಿಕ್ತು. ಅದು ಇಪ್ಪತ್ತೈದರದು. ನಾನು... ನೀನು ಅಳತೆ ಕೇಳ್ತೀಯ ಅಂದ್ಕೊಂಡೆ."

"ಇಪ್ಪತ್ತೈದು ಅಂತ ನೀನು ಬಂದು ಹೇಳ್ಬೇಕಾಗಿತ್ತು!"

"ಹೇಳೋಕೆ ಇಳಿದು ಬರ್ಬೇಕಿತ್ತು."

"ಬಂದಿದ್ರೆ ಕಾಲು ಸವೀತಿತ್ತಾ?"

"ನೀನು ಹತ್ತಿ ಬಂದಿದ್ರೆ?"

ಇಪ್ಪತ್ತೈದು ಪಾಲು ಮಾಡಿದ ಚಾಸಿ, ಇಪ್ಪತ್ನಾಲ್ಕು ಪಾಲು ಮಾಡಿದ ಬಾಡಿಗಿಂತ ಅಷ್ಟು ಚಿಕ್ಕದು. ಮೌನ ಬಂಗಾರ ಎಂದು ಹೇಳುತ್ತಾರೆ. ಈ ಮನೆಯಲ್ಲಿ ಆ ಬಂಗಾರ ಉಗುರಿನಷ್ಟು ಅಗಲದ ಸಂದಿಯಾಗಿ ಎಲ್ಲರ ಕಣ್ಣೆದುರು ಬಾಯಿ ತೆರೆದಿತ್ತು.

"ಚಾಸಿ ಉದ್ದ ಮಾಡೋಕಾಗಲ್ವಾ?" ಹಿರಿಸೊಸೆ ಕೇಳಿದಳು.

"ಮಾಡಬಹುದು ಅತ್ತಿಗೆ. ಆದ್ರೆ ನೆಲ ಕೊಯ್ದ್ರೆ ಸ್ಟ್ರೆಚರ್ ಹೋಗ್ತದೆ, ಸ್ಟೇರಿಂಗ್ ಕಡ್ಡಿ ಹೋಗ್ತದೆ, ದೀಪದ ವೈರೆಲ್ಲ ಹೋಗ್ತದೆ. ಮತ್ತೆ ಮೊದಲಿಂದ. ಎರಡು ತಿಂಗಳಾದ್ರೂ ಬೇಕು."

"ಅಗಲಾನೂ ಜಾಸ್ತಿ ಇದೆ" ಎಂದ ಗಂಡ, ಕುಗ್ಗಿದ ದನಿಯಲ್ಲಿ.

"ಅದಕ್ಕೆ ಒಳಗೊಂದು ಪಟ್ಟಿ ಕೊಟ್ರೆ ಸಾಕು, ಕಾಣಲ್ಲ. ಉದ್ದಾನೇ ತೊಂದರೆ."

ಬಾಡಿಯನ್ನು ಕುಗ್ಗಿಸಿದರೆ ಎಷ್ಟು ದಿನ ಬೇಕು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ನಡುವೆ ಕೊಯ್ದು, ಒಂದು ಪಟ್ಟಿ ತೆಗೆದು, ಮತ್ತೆ ಅಂಟಿಸಬಹುದು. ಆ ಬಿಳುಪು, ಆ ಹೊಳಪು, ಆ ಕೆಂಪು ಗೆರೆ ಮಾತ್ರ ಹೋದ ಹಾಗೇ. ಗಂಡನಿಗೆ ಇದನ್ನು ಹೇಳುವ ಹಕ್ಕು ತನಗಿಲ್ಲ ಎಂದು ಹಿರಿಸೊಸೆಗೆ ಅನ್ನಿಸಿತು.

ಅತ್ತೆ "ಆ ಮುಚ್ಚಳ ತೆಗೀರೋ" ಎಂದರು. ಬಾಡಿ ಎತ್ತಿದರು. ಅತ್ತೆ ಬಗ್ಗಿ, ತಮ್ಮ ಕೊಳವೆಯಷ್ಟು ನೋಟವನ್ನು ಚಾಸಿಯ ಮೇಲೆ ಒಂದು ಕಡೆಯಿಂದ ನಡೆಸಿಕೊಂಡು ಹೋದರು. ಎಂಜಿನ್ನು. ಸ್ಟೇರಿಂಗು. ಒಂದು ಕಡೆ ನೋಟ ನಿಂತಿತು.

"ಇದು ನಾನು ಹೇಳಿರ್ಲಿಲ್ವಲ್ಲೋ."

"ಯಾವುದಮ್ಮ?"

"ಸೀಟು ಎಡಕ್ಕೆ ವಾಲಿದೆಯಲ್ಲ."

"ಅಪ್ಪ ಹಾಗೇ ಅಲ್ವಾ ಕೂರ್ತಿದ್ದದ್ದು, ಸೊಂಟ ನೋವು ಅಂತ. ಸೀಟೇ ಆ ಕಡೆಗೆ ಕುಸಿದುಹೋಗಿತ್ತು."

ಅತ್ತೆಯ ಬೆರಳು ಮುಂದೆ ಸರಿಯಿತು. ಪಕ್ಕದ ಸೀಟಿನ ಮೇಲೊಂದು ಡಬ್ಬಿ. ಅಕ್ಕಿಕಾಳಿಗಿಂತ ತುಸು ದೊಡ್ಡದು. ಅದಕ್ಕೆ ಸುತ್ತಿದ ಬಟ್ಟೆಗೆ ಗಂಟು ಕೂಡ ಇತ್ತು. "ನಾನು ಕಟ್ಟಿಕೊಡ್ತಿದ್ದ ಬುತ್ತಿ" ಎಂದು ಅತ್ತೆ ಮೆಲ್ಲಗೆ ಅಂದರು. ಆಮೇಲೆ ತಲೆ ಎತ್ತದೆ, "ದೊಡ್ಡೋನೇ, ಬಾ ಇಲ್ಲಿ" ಎಂದು ಕರೆದರು.

ಅವನು ಬಂದು ಅಮ್ಮನ ತಲೆಯ ಪಕ್ಕ ತಲೆಯಿಟ್ಟು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಮೈದುನ ಅಣ್ಣನನ್ನು ನೋಡದೆ ಕಿಟಕಿಯ ಆಚೆ ನೋಡುತ್ತಿದ್ದ. ಕಿರಿಸೊಸೆ ಹಿರಿಸೊಸೆಯ ಕೈ ಹಿಡಿದಳು.

"ಗಂಟು ಹೇಗೆ ಹಾಕ್ದೆ?" ಎಂದು ಕೇಳಿದ ಅಣ್ಣ, ಬಗ್ಗಿಕೊಂಡೇ.

"ಚಿಮಟದಲ್ಲಿ. ಅತ್ತಿಗೆ ಹೊಲಿಗೆ ದಾರದ ಒಂದು ಎಳೆ."

ಅಣ್ಣ ಎದ್ದು ನಿಂತ. ಮೇಜಿನ ಕಡೆ ಹೋದ. ಅಳತೆಪಟ್ಟಿ, ಪೆನ್ಸಿಲ್ಲು ತೆಗೆದುಕೊಂಡ. ಆ ಬಿಳಿಯ ಹೊಳಪಿನ ಮೇಲೆ, ಮುಂದಿನ ಬಾಗಿಲಿಗೂ ಹಿಂದಿನ ಚಕ್ರಕ್ಕೂ ನಡುವೆ, ಒಂದು ಗೆರೆ ಎಳೆದ. ಉಗುರಿನಷ್ಟು ದೂರದಲ್ಲಿ ಇನ್ನೊಂದು ಗೆರೆ ಎಳೆದ. ಅವನು ಡ್ರಾಯರಿನಿಂದ ಸಣ್ಣ ಹಲ್ಲಿನ ಗರಗಸ ತೆಗೆದು ಹಿಡಿಯ ಕಡೆಯನ್ನು ತಮ್ಮನಿಗೆ ಚಾಚಿದ.

"ನೀನು ಕೊಯ್ಯಿ. ನಂಗೆ ಕೈ ಬರಲ್ಲ."

"ಅಣ್ಣ, ಬೇಡ. ಇಂಥ ಹೊಳಪು ನೀನು ಯಾವತ್ತೂ ಕೊಟ್ಟಿರ್ಲಿಲ್ಲ. ನಾನೇ ಚಾಸಿ ಮತ್ತೆ..."

"ಎರಡು ತಿಂಗಳು ಅಂದ್ಯಲ್ಲೋ. ಹೊಳಪು ಎರಡು ವಾರದಲ್ಲಿ ಬರ್ತದೆ. ಕೊಯ್ಯಿ. ಗೆರೆ ಮೇಲೇ ಹೋಗು. ಗೆರೆ ಬಿಟ್ಯೋ, ಮೆಟ್ಟಿಲು ಕಿತ್ತುಹಾಕ್ತೀನಿ, ಅಲ್ಲೇ ಮೇಲೇ ಇರು."

"ಹಗ್ಗ ಬಿಟ್ಕೊಂಡು ಇಳೀತೀನಿ" ಎಂದ ಮೈದುನ.

ಇಬ್ಬರೂ ಮೇಜಿಗೆ ಕೂತರು, ಆದರೆ ಆ ಕಡೆ ಈ ಕಡೆ ಅಲ್ಲ. ಒಂದೇ ಕಡೆ, ಭುಜಕ್ಕೆ ಭುಜ ತಾಗುವಂತೆ. ಅಣ್ಣ ಬಾಡಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದ. ತಮ್ಮ ಗರಗಸವನ್ನು ಗೆರೆಗೆ ಇಟ್ಟು ಒಮ್ಮೆ ಅಣ್ಣನ ಮುಖ ನೋಡಿದ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಗರಗಸ ಓಡಿತು. ಬಿಳಿಯ ಸಣ್ಣ ಪುಡಿ ಮೇಜಿನ ಮೇಲೆ, ಅಣ್ಣನ ಮಣಿಕಟ್ಟಿನ ಮೇಲೆ ಉದುರತೊಡಗಿತು.

ಅತ್ತೆ ಕಿಟಕಿಯ ಪಕ್ಕ, ಸದ್ದು ಬಂದ ಕಡೆ ಮುಖ ತಿರುಗಿಸಿ ಕೂತಿದ್ದರು. ತಮ್ಮ ಕೊಳವೆಯೊಳಗೆ ಅವರು ಯಾವುದನ್ನು ಹಿಡಿದಿದ್ದರೋ, ವ್ಯಾನನ್ನೋ, ಅದರ ಮೇಲೆ ಬಾಗಿದ ಎರಡು ತಲೆಗಳನ್ನೋ.

"ನಿಧಾನಕ್ಕೆ ಕಣ್ರೋ" ಎಂದರು. "ನಂಗೇನೂ ಅವಸರ ಇಲ್ಲ."